ಹತ್ತು ವಾರದ ಸಾಲ ಬಿಟ್ಟು ನಗರಸಭೆಯ ದಾರಿ ಹಿಡಿಯೋದು ಹೇಗೆ

ಅರಸೀಕೆರೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಜೊತೆಗೆ ಆನ್‌ಲೈನ್ ಅರ್ಜಿ ತುಂಬಿಕೊಡುತ್ತೇನೆ. ನಮ್ಮವ್ವ ಮೂವತ್ತು ವರ್ಷದಿಂದ ಹೂವು ಮಾರುತ್ತಾಳೆ. ಬೆಳಿಗ್ಗೆ ಐದಕ್ಕೆ ಮಂಡಿಗೆ ಹೋಗಿ ಸೇವಂತಿಗೆ, ಕನಕಾಂಬರ, ಕಾಕಡ ತರುತ್ತಾಳೆ. ಎಂಟರ ಹೊತ್ತಿಗೆ ಕಟ್ಟಿ ಮುಗಿಸಿ ರಸ್ತೆ ಬದಿಯಲ್ಲಿ ಬುಟ್ಟಿ ಇಟ್ಟು ಕೂರುತ್ತಾಳೆ.

ವರಮಹಾಲಕ್ಷ್ಮಿ ಹಬ್ಬ ಬಂತೆಂದರೆ ನಮ್ಮ ಮನೆಯಲ್ಲಿ ಸಂತೋಷಕ್ಕಿಂತ ಜಾಸ್ತಿ ಚಿಂತೆ ಇರುತ್ತಿತ್ತು. ಹೂವಿನ ರೇಟು ಏರುತ್ತೆ, ಮಾಲು ಜಾಸ್ತಿ ಹಾಕಬೇಕು, ಕೈಯಲ್ಲಿ ದುಡ್ಡಿರುವುದಿಲ್ಲ. ಆಗ ಅವ್ವ ವಾರದ ಸಾಲ ಎತ್ತುತ್ತಿದ್ದಳು. ಪುಸ್ತಕದಲ್ಲಿ 10,000 ಅಂತ ಬರೆದುಕೊಂಡು ಕೈಗೆ 8,500 ಕೊಡುತ್ತಿದ್ದರು. ವಾರಕ್ಕೆ ಸಾವಿರದಂತೆ ಹತ್ತು ವಾರ ಕಟ್ಟಬೇಕು. ಒಂದು ವಾರ ತಪ್ಪಿದರೆ ಸಂಜೆ ಬುಟ್ಟಿಯ ಮುಂದೆ ಬಂದು ನಿಲ್ಲುತ್ತಿದ್ದರು. ಗಿರಾಕಿಗಳ ಎದುರಿಗೇ ಮಾತು. ವರ್ಷಕ್ಕೆ ಐದು ಸಲ ಹೀಗೆ ಎತ್ತಿದರೆ ಬಡ್ಡಿಗೇ 7,500 ರೂಪಾಯಿ ಹೋಗುತ್ತಿತ್ತು. ಎಷ್ಟೋ ವರ್ಷ ಹೀಗೇ ನಡೆಯಿತು.

ಈಗ ಅವ್ವ ಸರ್ಕಾರದ ಖಾತರಿ ಇರುವ ಸಾಲದ ಮೂರನೇ ಹಂತದಲ್ಲಿದ್ದಾಳೆ. ಅವ್ವನ ಅರ್ಜಿ ಆದ ಮೇಲೆ ಅಕ್ಕಪಕ್ಕದ ಹಣ್ಣಿನ ಗಾಡಿಯವರು, ಪಾನಿಪುರಿಯವರು, ಚಪ್ಪಲಿ ಹೊಲಿಯುವವರು, ಸೊಪ್ಪಿನ ಅಜ್ಜಿ ಎಲ್ಲರೂ ನನ್ನ ಅಂಗಡಿಗೆ ಬಂದರು. ಅವರೆಲ್ಲರ ಕಾಗದ ಓಡಾಡಿಸಿ ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ನೀವು ತಳ್ಳುಗಾಡಿಯಲ್ಲೋ, ಬುಟ್ಟಿಯಲ್ಲೋ, ನೆಲದ ಮೇಲೆ ಟಾರ್ಪಾಲು ಹಾಸಿಯೋ ವ್ಯಾಪಾರ ಮಾಡುವವರಾದರೆ ಇದು ನಿಮಗೆ. ನಿಮ್ಮ ಮನೆಯ ಹಿರಿಯರು ಮಾಡುತ್ತಿದ್ದರೆ ಅವರ ಪರವಾಗಿ ನೀವು ಓದಿ.

ಸಾಲ ಯಾವುದು

ಹೆಸರು ಪಿಎಂ ಸ್ವನಿಧಿ. ಲಾಕ್‌ಡೌನ್‌ನಲ್ಲಿ ಬಂಡವಾಳ ಕರಗಿ ಕೂತಿದ್ದ ಬೀದಿ ವ್ಯಾಪಾರಿಗಳಿಗಾಗಿ 2020ರ ಜೂನ್ 1ಕ್ಕೆ ಕೇಂದ್ರ ಸರ್ಕಾರ ಶುರು ಮಾಡಿತು. ಆಗ ಮೊದಲ ಸಾಲ 10,000, ಎರಡನೆಯದು 20,000, ಮೂರನೆಯದು 50,000 ಇತ್ತು. 2025ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಇದನ್ನು ಬದಲಿಸಿತು. ಈಗ ಮೊದಲ ಸಾಲ 15,000ದವರೆಗೆ, ಎರಡನೆಯದು 25,000ದವರೆಗೆ, ಮೂರನೆಯದು 50,000ದವರೆಗೆ. 2030ರ ಮಾರ್ಚ್ 31ರ ತನಕ ಸಾಲ ಕೊಡುತ್ತಾರೆ. ಹಾಗಾಗಿ "ಆ ಯೋಜನೆ ಮುಗಿದುಹೋಯ್ತಂತೆ" ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಚಿನ್ನ ಬೇಡ, ಮನೆ ಪತ್ರ ಬೇಡ, ಜಾಮೀನುದಾರರೂ ಬೇಡ. ಸಾಲ ಕೊಡುವುದು ಬ್ಯಾಂಕು. ಆದರೆ ಆ ಸಾಲಕ್ಕೆ ಸಿಜಿಟಿಎಂಎಸ್‌ಇ ಎಂಬ ಸರ್ಕಾರಿ ಟ್ರಸ್ಟಿನ ಖಾತರಿ ಇದೆ. ಸಾಲ ಮುಳುಗಿದರೆ ಬ್ಯಾಂಕಿನ ನಷ್ಟದಲ್ಲಿ ಒಂದು ಪಾಲನ್ನು ಆ ಟ್ರಸ್ಟು ತುಂಬಿಕೊಡುತ್ತದೆ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಖಾತರಿ ಇರುವುದು ಬ್ಯಾಂಕಿಗೆ, ನಮಗಲ್ಲ. "ಸರ್ಕಾರವೇ ಕಟ್ಟುತ್ತಂತೆ, ನಾವು ಕಟ್ಟದಿದ್ದರೂ ನಡೆಯುತ್ತಂತೆ" ಅಂತ ಒಬ್ಬ ಅಣ್ಣ ಎರಡು ಕಂತು ಕಟ್ಟಿ ಬಿಟ್ಟುಬಿಟ್ಟರು. ಮುಂದೆ ಮಗಳ ಓದಿಗೆ ಸಾಲ ಕೇಳಲು ಹೋದಾಗ ಸಾಲ ಸರಿಯಾಗಿ ಕಟ್ಟಿದ್ದೀರಾ ಅಂತ ಬ್ಯಾಂಕಿಗೆ ತೋರಿಸುವ ಸಿಬಿಲ್ ಅಂಕ ಬಿದ್ದುಹೋಗಿತ್ತು. ಆ ಚಿಕ್ಕ ಸಾಲ ಅಡ್ಡ ನಿಂತಿತು. ಅವರ ಮುಖ ನೋಡಿ ನನಗೆ ಬಹಳ ಸಂಕಟವಾಯಿತು. ಹೇಳುವವರು ಇದ್ದಿದ್ದರೆ ಅವರು ಖಂಡಿತ ಕಟ್ಟುತ್ತಿದ್ದರು.

ಬ್ಯಾಂಕಿಗೆ ಹೋಗುವ ಮುಂಚೆ ನಗರಸಭೆ

ತುಂಬಾ ಜನ ನೇರವಾಗಿ ಬ್ಯಾಂಕಿಗೆ ಹೋಗುತ್ತಾರೆ. ಅಲ್ಲಿ "ನೀವು ವ್ಯಾಪಾರಿ ಅನ್ನೋದಕ್ಕೆ ಏನು ದಾಖಲೆ?" ಅಂತ ಕೇಳುತ್ತಾರೆ. ಉತ್ತರ ಇಲ್ಲದೆ ವಾಪಸ್ ಬರುತ್ತಾರೆ. ಮೂವತ್ತು ವರ್ಷ ಅದೇ ಮರದ ಕೆಳಗೆ ಕೂತಿದ್ದರೂ ಕಾಗದದಲ್ಲಿ ನೀವು ಅಲ್ಲಿ ಇಲ್ಲ. ಆ ಕಾಗದ ಕೊಡುವುದು ನಿಮ್ಮ ಊರಿನ ಆಡಳಿತ. ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿ, ದೊಡ್ಡ ಊರಾದರೆ ಮಹಾನಗರ ಪಾಲಿಕೆ. ಬೆಂಗಳೂರಿನಲ್ಲಿ ಈಗ ಬಿಬಿಎಂಪಿ ಇಲ್ಲ. 2025ರ ಸೆಪ್ಟೆಂಬರ್‌ನಿಂದ ಐದು ಪಾಲಿಕೆಗಳಾಗಿವೆ. ನೀವು ಕೂರುವ ಜಾಗ ಯಾವ ಪಾಲಿಕೆಗೆ ಬರುತ್ತದೋ ಅಲ್ಲಿಗೆ ಹೋಗಬೇಕು.

ಇದರ ಹಿಂದೆ ಒಂದು ಕಾನೂನಿದೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ. ಅದರ ಪ್ರಕಾರ ಪ್ರತಿ ಊರಲ್ಲೂ ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರಲ್ಲಿ ಕನಿಷ್ಠ ಶೇ. 40ರಷ್ಟು ಸದಸ್ಯರು ವ್ಯಾಪಾರಿಗಳೇ ಆರಿಸಿ ಕಳಿಸಿದವರು ಆಗಿರಬೇಕು. ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಐದು ವರ್ಷಕ್ಕೊಮ್ಮೆಯಾದರೂ ಸರ್ವೆ ಆಗಬೇಕು. ಸರ್ವೆಯಲ್ಲಿ ಸಿಕ್ಕವರಿಗೆ ಮಾರಾಟ ಪ್ರಮಾಣ ಪತ್ರ ಮತ್ತು ಗುರುತಿನ ಚೀಟಿ ಕೊಡಬೇಕು. ಸರ್ವೆ ಮುಗಿಸಿ ಪ್ರಮಾಣ ಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವ ಹಾಗಿಲ್ಲ ಅಂತಲೂ ಆ ಕಾಯ್ದೆಯೇ ಹೇಳುತ್ತದೆ. ಅಂದರೆ ಈ ಚೀಟಿ ಸಾಲಕ್ಕೂ ಆಗುತ್ತೆ, ಕೂರುವ ಜಾಗಕ್ಕೂ ಆಗುತ್ತೆ. ಸಾಲ ಬೇಡ ಅನ್ನುವವರೂ ಇದನ್ನು ಮಾಡಿಸಿಕೊಳ್ಳಲೇಬೇಕು ಅಂತ ನಾನು ಹೇಳುವುದು ಅದಕ್ಕೇ.

ನಗರಸಭೆಯಲ್ಲಿ ಯಾರನ್ನು ಕೇಳಬೇಕು? ಬಾಗಿಲಲ್ಲಿ "ನಲ್ಮ್ ಶಾಖೆ ಎಲ್ಲಿ?" ಅನ್ನಿ. ನಗರದ ಬಡವರ ಜೀವನೋಪಾಯಕ್ಕೆ ಇದ್ದ ಆ ಹೆಸರಿನ ಯೋಜನೆ ಮುಗಿದಿದೆ, ಆದರೆ ಜನ ಈಗಲೂ ಹಾಗೇ ಕರೆಯುತ್ತಾರೆ. ಅಲ್ಲಿ ಸಮುದಾಯ ಸಂಘಟಕರು ಇರುತ್ತಾರೆ. ಬೀದಿ ವ್ಯಾಪಾರಿಗಳ ಪಟ್ಟಿ ಅವರ ಹತ್ತಿರವೇ ಇರುವುದು. ಮೊದಲ ಪ್ರಶ್ನೆ ಒಂದೇ: "ಸರ್ವೆ ಪಟ್ಟಿಯಲ್ಲಿ ನನ್ನ ಹೆಸರು ಇದೆಯಾ ನೋಡಿ ಮೇಡಂ." ಆಧಾರ್ ಮುಂದಿಟ್ಟು ಕೇಳಿ. ಬಾಯಲ್ಲಿ ಹೇಳಿದರೆ ಒಂದೇ ಹೆಸರಿನವರು ನಾಲ್ಕು ಜನ ಸಿಗುತ್ತಾರೆ.

ಹೆಸರಿದ್ದು ಗುರುತಿನ ಚೀಟಿಯೂ ಇದ್ದರೆ ಮುಂದಿನ ಭಾಗಕ್ಕೆ ಹೋಗಿ. ಹೆಸರಿದೆ ಚೀಟಿ ಬಂದಿಲ್ಲ ಅನ್ನುವವರಿಗೆ ತಾತ್ಕಾಲಿಕ ಪ್ರಮಾಣ ಪತ್ರ ಕೊಡಲು ಅವಕಾಶವಿದೆ, ಕೇಳಿ ತೆಗೆದುಕೊಳ್ಳಿ. ಹೆಸರೇ ಇಲ್ಲದವರದ್ದೇ ಕಷ್ಟ. ನಮ್ಮವ್ವನದ್ದು ಹಾಗೇ ಆಗಿತ್ತು. ಸರ್ವೆಯವರು ಬಂದ ದಿನ ಅವ್ವ ಮಾಲೇಕಲ್ಲು ತಿರುಪತಿ ಜಾತ್ರೆಯಲ್ಲಿ ತುಳಸಿ ಹಾರ ಮಾರುತ್ತಿದ್ದಳು.

ಬಿಳಿ ಹಾಳೆಯ ಅರ್ಜಿ

ಪಟ್ಟಿಯಲ್ಲಿ ಬಿಟ್ಟುಹೋದವರಿಗೆ, ಸರ್ವೆ ಆದ ಮೇಲೆ ವ್ಯಾಪಾರ ಶುರು ಮಾಡಿದವರಿಗೆ, ಸುತ್ತಲ ಹಳ್ಳಿಯಿಂದ ಬಂದು ಪಟ್ಟಣದಲ್ಲಿ ಮಾರುವವರಿಗೆ ಶಿಫಾರಸು ಪತ್ರ ಅಂತ ಒಂದಿದೆ. ಇಂಥವರು ನಮ್ಮ ಊರಲ್ಲಿ ವ್ಯಾಪಾರ ಮಾಡುತ್ತಿದ್ದಾರೆ ಅಂತ ನಗರಸಭೆ ಬರೆದುಕೊಡುವ ಪತ್ರ. ಸಾಲಕ್ಕೆ ಇದು ಸಾಕು. ಹಳ್ಳಿಯಿಂದ ಸೊಪ್ಪು ತರುವ ಅಜ್ಜಿ "ನಾನು ಈ ಊರವಳಲ್ಲ ಕಣವ್ವ, ನನಗೆ ಕೊಡ್ತಾರಾ?" ಅಂತ ಕೇಳಿದ್ದರು. ಕೊಡುತ್ತಾರೆ. ಮನೆ ಎಲ್ಲಿದೆ ಅನ್ನುವುದಲ್ಲ, ವ್ಯಾಪಾರ ಎಲ್ಲಿ ನಡೆಯುತ್ತದೆ ಅನ್ನುವುದು ಲೆಕ್ಕ.

ಈ ಪತ್ರಕ್ಕೆ ನೀವು ವ್ಯಾಪಾರಿ ಎಂದು ತೋರಿಸುವ ಏನಾದರೂ ಬೇಕು. 2021ರ ಲಾಕ್‌ಡೌನ್‌ನಲ್ಲಿ ರಾಜ್ಯ ಸರ್ಕಾರ ಬೀದಿ ವ್ಯಾಪಾರಿಗಳಿಗೆ 2,000 ರೂಪಾಯಿ ಕೊಟ್ಟಿತ್ತು, ಅದು ಬಂದಿದ್ದರೆ ಪಾಸ್‌ಬುಕ್ಕಿನ ಆ ಪುಟದ ನಕಲು. ವ್ಯಾಪಾರಿಗಳ ಸಂಘದ ಸದಸ್ಯತ್ವದ ಕಾರ್ಡು. ವ್ಯಾಪಾರಕ್ಕೆ ಅಂತ ಹಿಂದೆ ಬ್ಯಾಂಕಿನಲ್ಲೋ ಫೈನಾನ್ಸಿನಲ್ಲೋ ಸಾಲ ತೆಗೆದಿದ್ದರೆ ಅದರ ಕಾಗದ. ಸಂತೆ ಸುಂಕದ ರಶೀದಿ. ಅವ್ವ ಆ ರಶೀದಿಗಳನ್ನು ಸಂಜೆ ಹೂವಿನ ಕಸದ ಜೊತೆ ಗುಡಿಸಿ ಹಾಕುತ್ತಿದ್ದಳು. ನೀವು ಹಾಗೆ ಮಾಡಬೇಡಿ. ಇಂದಿನಿಂದಲೇ ಒಂದು ತಂತಿಗೆ ಚುಚ್ಚಿಡಿ.

ಇದ್ಯಾವುದೂ ಇಲ್ಲ ಅಂದರೂ ದಾರಿ ಮುಚ್ಚಿಲ್ಲ. ಬಿಳಿ ಹಾಳೆಯಲ್ಲಿ ಅರ್ಜಿ ಬರೆದು ಸ್ಥಳ ತನಿಖೆ ಮಾಡಿ ಅಂತ ಕೇಳಬಹುದು. ಯೋಜನೆಯ ನಿಯಮದಲ್ಲೇ ಇದಕ್ಕೆ ಜಾಗವಿದೆ. ಅವ್ವನಿಗೆ ನಾನು ಬರೆದುಕೊಟ್ಟ ಅರ್ಜಿ ಹೆಚ್ಚುಕಡಿಮೆ ಹೀಗಿತ್ತು, ನೀವೂ ಹೀಗೇ ಬರೆಯಬಹುದು:

"ಪೌರಾಯುಕ್ತರು, ನಗರಸಭೆ ಇವರಿಗೆ. ವಿಷಯ: ಬೀದಿಬದಿ ವ್ಯಾಪಾರಿ ಎಂದು ಶಿಫಾರಸು ಪತ್ರ ಕೊಡುವ ಬಗ್ಗೆ. ಮಾನ್ಯರೇ, ನಾನು ಸುಮಾರು ಇಪ್ಪತ್ತೈದು ವರ್ಷದಿಂದ ಬಿ.ಎಚ್. ರಸ್ತೆಯ ಬದಿಯಲ್ಲಿ ಪ್ರತಿದಿನ ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಹೂವಿನ ವ್ಯಾಪಾರ ಮಾಡುತ್ತಿದ್ದೇನೆ. ಸರ್ವೆ ಪಟ್ಟಿಯಲ್ಲಿ ನನ್ನ ಹೆಸರು ಬಿಟ್ಟುಹೋಗಿದೆ. ದಯವಿಟ್ಟು ಸ್ಥಳ ಪರಿಶೀಲನೆ ಮಾಡಿಸಿ, ಪಿಎಂ ಸ್ವನಿಧಿ ಸಾಲಕ್ಕಾಗಿ ಶಿಫಾರಸು ಪತ್ರ ಕೊಡಬೇಕಾಗಿ ಕೋರುತ್ತೇನೆ."

ಕೆಳಗೆ ಹೆಸರು, ವಿಳಾಸ, ಫೋನ್ ನಂಬರು, ಸಹಿ ಅಥವಾ ಹೆಬ್ಬೆಟ್ಟು. ಪುರಸಭೆ ಅಥವಾ ಪಟ್ಟಣ ಪಂಚಾಯಿತಿ ಆದರೆ ಪೌರಾಯುಕ್ತರ ಬದಲು ಮುಖ್ಯಾಧಿಕಾರಿಗಳು ಅಂತ ಬರೆಯಿರಿ. ವ್ಯಾಪಾರದ ಜಾಗದ ಗುರುತನ್ನು ಸರಿಯಾಗಿ ಬರೆಯಿರಿ. "ಮಾರ್ಕೆಟ್ ಹತ್ತಿರ" ಅಂದರೆ ತನಿಖೆಗೆ ಬಂದವರಿಗೆ ನೀವು ಸಿಗುವುದಿಲ್ಲ. ಯಾವ ಅಂಗಡಿಯ ಎದುರು, ಯಾವ ಕಂಬದ ಪಕ್ಕ ಅಂತ ಇರಲಿ. ನೀವು ಗಾಡಿಯ ಜೊತೆ, ಬುಟ್ಟಿಯ ಜೊತೆ ಇರುವ ಎರಡು ಫೋಟೋ ಲಗತ್ತಿಸಿ. ಒಂದರಲ್ಲಿ ಹಿಂದಿನ ಬೋರ್ಡು ಕಾಣಲಿ.

ಅರ್ಜಿಯನ್ನು ಕೈಗೆ ಕೊಟ್ಟು ಸುಮ್ನೆ ಬರಬೇಡಿ. ಎರಡು ಪ್ರತಿ ಮಾಡಿ, ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ನನ್ನ ಅಂಗಡಿಗೆ ಬರುವ ಎಲ್ಲರಿಗೂ ಇದನ್ನು ಎರಡೆರಡು ಸಲ ಹೇಳುತ್ತೇನೆ. ಶಿಫಾರಸು ಪತ್ರದ ಅರ್ಜಿಯನ್ನು 15 ದಿನದೊಳಗೆ ಇತ್ಯರ್ಥ ಮಾಡಬೇಕು ಅಂತ ನಿಯಮವಿದೆ. ಆ 15 ದಿನ ಯಾವತ್ತಿನಿಂದ ಅಂತ ಹೇಳುವುದು ನಿಮ್ಮ ಸೀಲೇ. ಪತ್ರ ಸಿಕ್ಕ ಮೇಲೆ ಮಾರಾಟ ಪ್ರಮಾಣ ಪತ್ರವನ್ನೂ ಕೇಳಿ. ಅದನ್ನು 30 ದಿನದಲ್ಲಿ ಕೊಡಬೇಕು. ಸಾಲ ಬಂದ ಕೂಡಲೇ ಜನ ಇದನ್ನು ಮರೆತುಬಿಡುತ್ತಾರೆ.

ಆಧಾರ್, ಫೋನು, ಹೆಸರು

ಈಗ ಆನ್‌ಲೈನ್ ಅರ್ಜಿ. ಮುಕ್ಕಾಲು ಪಾಲು ತೊಂದರೆ ಇಲ್ಲಿ ಶುರುವಾಗುವ ಮೊದಲೇ ಇರುತ್ತದೆ. ಆಧಾರ್‌ಗೆ ಜೋಡಿಸಿದ ಫೋನ್ ನಂಬರು ಹಳೆಯದಾಗಿರುತ್ತದೆ. ಒಟಿಪಿ ಹೋಗುವುದು ಎಲ್ಲೋ, ನಾವು ಕಾಯುವುದು ಇಲ್ಲಿ. ಹಾಗಾಗಿ ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ಈಗ ಕೈಯಲ್ಲಿರುವ ನಂಬರು ಸೇರಿಸಿ. ಮಗನ ನಂಬರು, ಅಳಿಯನ ನಂಬರು ಬೇಡ. ಅವರು ಬೆಂಗಳೂರಲ್ಲಿ ಕೆಲಸದಲ್ಲಿದ್ದಾಗ ಇಲ್ಲಿ ಬ್ಯಾಂಕಿನ ಕರೆ ಅವರಿಗೆ ಹೋಗುತ್ತೆ.

ಆಮೇಲೆ ಹೆಸರು. ಆಧಾರಿನಲ್ಲಿ ಒಂದು, ಪಾಸ್‌ಬುಕ್ಕಿನಲ್ಲಿ ಇನ್ನೊಂದು, ನಗರಸಭೆಯ ಪತ್ರದಲ್ಲಿ ಮನೆಯಲ್ಲಿ ಕರೆಯುವ ಹೆಸರು. ನಮ್ಮ ಕಡೆ ಹೆಂಗಸರಿಗೆ ಇದು ಬಹಳ. ಹುಟ್ಟಿದ ಹೆಸರು ಬೇರೆ, ಮದುವೆಯಾದ ಮೇಲೆ ಕರೆಯುವುದು ಬೇರೆ. ಮೂರೂ ಕಡೆ ಆಧಾರಿನ ಹೆಸರೇ ಇರುವ ಹಾಗೆ ನೋಡಿಕೊಳ್ಳಿ. ಶಿಫಾರಸು ಪತ್ರಕ್ಕೆ ಸಹಿ ಆಗುವ ಮುಂಚೆ ಹೆಸರಿನ ಅಕ್ಷರ ಓದಿ ನೋಡಿ. ಅವ್ವನ ಪತ್ರದಲ್ಲಿ ನಾನೇ ಒಂದು ಅಕ್ಷರ ತಪ್ಪು ಬರೆದುಕೊಟ್ಟಿದ್ದೆ. ಅದನ್ನು ತಿದ್ದಿಸಲು ಮೂರು ವಾರ ಹಿಡಿಯಿತು.

ಜಾಲತಾಣದಲ್ಲಿ ಅರ್ಜಿ ಹಾಕಲು ನಗರಸಭೆಯ ಸಮುದಾಯ ಸಂಘಟಕರೇ ಸಹಾಯ ಮಾಡುತ್ತಾರೆ. ನಿಮ್ಮ ಫೋನಿನಲ್ಲೂ ಹಾಕಬಹುದು. ಸಾಮಾನ್ಯ ಸೇವಾ ಕೇಂದ್ರಗಳಲ್ಲೂ ಆಗುತ್ತದೆ. ಆಧಾರ್, ವೋಟರ್ ಕಾರ್ಡು, ಪಾಸ್‌ಬುಕ್ಕು, ಗುರುತಿನ ಚೀಟಿ ಅಥವಾ ಶಿಫಾರಸು ಪತ್ರ, ಒಂದು ಫೋಟೋ ತೆಗೆದುಕೊಂಡು ಹೋಗಿ. ಅರ್ಜಿಗೆ ಅಂತ ಸರ್ಕಾರಕ್ಕೆ ದುಡ್ಡು ಕಟ್ಟಬೇಕಿಲ್ಲ. "ಮಂಜೂರು ಮಾಡಿಸಿಕೊಡ್ತೀನಿ, ಎರಡು ಸಾವಿರ ಕೊಡಿ" ಅನ್ನುವವರಿಗೆ ಬೇಡ ಅನ್ನಿ. "ನಿಮ್ಮ ಸ್ವನಿಧಿ ಸಾಲ ಪಾಸಾಗಿದೆ, ಮೊದಲು ಚಾರ್ಜು ಕಳಿಸಿ, ಒಟಿಪಿ ಹೇಳಿ" ಅಂತ ಫೋನ್ ಬಂದರೆ ತಕ್ಷಣ ಇಟ್ಟುಬಿಡಿ.

ಯಾವ ಬ್ಯಾಂಕು ಬೇಕು ಅಂತ ಅರ್ಜಿಯಲ್ಲಿ ಆರಿಸಬಹುದು. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸರ್ಕಾರಿ ಬ್ಯಾಂಕು, ಗ್ರಾಮೀಣ ಬ್ಯಾಂಕು, ಸಣ್ಣ ಹಣಕಾಸು ಬ್ಯಾಂಕು, ಮೈಕ್ರೋ ಫೈನಾನ್ಸು ಎಲ್ಲವೂ ಈ ಸಾಲ ಕೊಡಬಹುದು. ಬಡ್ಡಿ ಮಾತ್ರ ಒಂದೊಂದು ಕಡೆ ಒಂದೊಂದು. ನಿಮ್ಮ ಉಳಿತಾಯ ಖಾತೆ ಇರುವ, ನಡೆದು ಹೋಗುವಷ್ಟು ಹತ್ತಿರದ ಸರ್ಕಾರಿ ಬ್ಯಾಂಕನ್ನು ಆರಿಸಿ. ಪರಿಚಯದ ಮುಖಕ್ಕೆ ಬೆಲೆ ಇದೆ. ಕೆಲಸವೂ ಬೇಗ ಆಗುತ್ತೆ.

ಬ್ಯಾಂಕಿನಲ್ಲಿ "ಆಗಲ್ಲ" ಅಂದರೆ

ಹಣ್ಣಿನ ಗಾಡಿಯ ಒಬ್ಬ ಅಕ್ಕನ ಜೊತೆ ನಾನೇ ಒಂದು ಶಾಖೆಗೆ ಹೋಗಿದ್ದೆ. ಕೌಂಟರಿನಲ್ಲಿ ಕೂತವರು "ಸರ್ಕಾರಿ ನೌಕರರ ಜಾಮೀನು ತನ್ನಿ" ಅಂದರು. ಅಕ್ಕ ಆಗಲೇ ಎದ್ದು ನಿಂತರು. ಅವರ ಕೈ ಹಿಡಿದು ಕೂರಿಸಿದೆ. "ಸಾರ್, ಈ ಯೋಜನೆಗೆ ಜಾಮೀನು ಇಲ್ಲ ಅಂತ ಇದೆ. ಬೇಕು ಅಂತಾದರೆ ಅರ್ಜಿಯ ಮೇಲೆ ಬರೆದುಕೊಡಿ" ಅಂತ ಕೇಳಿದೆ. ಜಗಳ ಆಡಲಿಲ್ಲ, ದನಿ ಏರಿಸಲಿಲ್ಲ. ಅವರು ಮ್ಯಾನೇಜರ್ ಹತ್ತಿರ ಕಳಿಸಿದರು. ಅಲ್ಲೂ ಎರಡು ವಾರ ಎಳೆದರು. ಕೊನೆಗೆ ಆ ಅರ್ಜಿಯನ್ನು ಬೇರೆ ಬ್ಯಾಂಕಿಗೆ ಕಳಿಸಲು ಸಮುದಾಯ ಸಂಘಟಕರಿಗೆ ಹೇಳಿದೆವು. ಅಲ್ಲಿ ಎಂಟೇ ದಿನದಲ್ಲಿ ದುಡ್ಡು ಬಂತು.

ಹಾಗಾಗಿ ತಿರಸ್ಕಾರ ಆದರೆ ಮೊದಲು ಕಾರಣ ಕೇಳಿ. ಹಳೆಯ ಸಾಲ ಬಾಕಿ ಇದ್ದರೆ ಅದನ್ನು ತೀರಿಸಿ ಬನ್ನಿ. ಕಾಗದ ಸಾಲದಿದ್ದರೆ ಕಾಗದ ಕೊಡಿ. ಕಾರಣವೇ ಇಲ್ಲದೆ ತಳ್ಳಿದರೆ ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಹಾಕಬಹುದು. ಅದಕ್ಕೆ ಖರ್ಚಿಲ್ಲ. 14448ಕ್ಕೆ ಫೋನ್ ಮಾಡಿದರೆ ಹೇಗೆ ಹಾಕಬೇಕು ಅಂತ ಹೇಳುತ್ತಾರೆ.

ಬಡ್ಡಿ ಲೆಕ್ಕ

15,000 ರೂಪಾಯಿಯನ್ನು 12 ತಿಂಗಳಲ್ಲಿ ಕಟ್ಟಬೇಕು. ಬ್ಯಾಂಕು ವರ್ಷಕ್ಕೆ ಶೇ. 12 ಬಡ್ಡಿ ಹಾಕಿದರೆ ತಿಂಗಳ ಕಂತು ಸುಮಾರು 1,333. ವರ್ಷಕ್ಕೆ ಒಟ್ಟು ಬಡ್ಡಿ ಸಾವಿರ ರೂಪಾಯಿಯ ಒಳಗೇ. ಸಮಯಕ್ಕೆ ಸರಿಯಾಗಿ ಕಟ್ಟಿದರೆ ಅದರಲ್ಲಿ ಶೇ. 7ರ ಪಾಲನ್ನು ಸರ್ಕಾರ ನಿಮ್ಮ ಖಾತೆಗೆ ಹಾಕುತ್ತದೆ. ಅದು ಸುಮಾರು 580 ರೂಪಾಯಿ. ನಿಮ್ಮ ಕೈಯಿಂದ ನಿಜವಾಗಿ ಹೋಗುವುದು ನಾಲ್ಕು ನೂರರ ಆಸುಪಾಸು. ಮೇಲೆ ಹೇಳಿದ 7,500ನ್ನು ಇದರ ಪಕ್ಕ ಇಟ್ಟು ನೋಡಿ. ಈ ಎರಡು ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಅವ್ವನಿಗೆ ಕೊಟ್ಟಿದ್ದೆ. ಓದು ಬಾರದ ಅವ್ವ ಅದನ್ನು ಸಂಚಿಯಲ್ಲಿ ಇಟ್ಟುಕೊಂಡು ಬಂದವರಿಗೆಲ್ಲ ತೋರಿಸುತ್ತಿದ್ದಳು.

ಒಂದು ಗೊಂದಲ ಎಲ್ಲರಿಗೂ ಆಗುತ್ತೆ. ಸಹಾಯಧನ ಕಂತಿನಲ್ಲಿ ಕಳೆದು ಬರುವುದಿಲ್ಲ. ನೀವು ಪೂರ್ತಿ ಕಂತು ಕಟ್ಟಬೇಕು. ಸಹಾಯಧನ ಮೂರು ತಿಂಗಳ ಲೆಕ್ಕದಲ್ಲಿ ಆಮೇಲೆ ಖಾತೆಗೆ ಬೀಳುತ್ತದೆ. ಕಂತು ಕಡಿಮೆ ಕಟ್ಟಿ "ಉಳಿದದ್ದು ಸರ್ಕಾರದ್ದು" ಅಂದುಕೊಂಡರೆ ಬಾಕಿ ಬೆಳೆಯುತ್ತದೆ, ಸಹಾಯಧನವೂ ನಿಲ್ಲುತ್ತದೆ. ಗಡುವಿಗೆ ಮೊದಲೇ ಸಾಲ ತೀರಿಸಿದರೆ ದಂಡವೇನೂ ಇಲ್ಲ.

ಎರಡನೇ ಸಾಲ 18 ತಿಂಗಳದ್ದು, ಮೂರನೆಯದು 36 ತಿಂಗಳದ್ದು. ಅದೇ ಶೇ. 12ರ ಲೆಕ್ಕದಲ್ಲಿ 25,000ಕ್ಕೆ ಕಂತು ಸುಮಾರು 1,525. 50,000ಕ್ಕೆ ಸುಮಾರು 1,661. ಸಾಲ ಮೂರು ಪಟ್ಟು ದೊಡ್ಡದಾದರೂ ತಿಂಗಳಿಗೆ ಕಟ್ಟುವುದು ಮುನ್ನೂರು ರೂಪಾಯಿ ಚಿಲ್ಲರೆ ಮಾತ್ರ ಜಾಸ್ತಿ. ಮೊದಲ ಸಾಲದಲ್ಲಿ ಕಟ್ಟುವ ರೂಢಿ ಆಗಿಬಿಟ್ಟರೆ ಮೂರನೆಯದು ಹೊರೆ ಅನ್ನಿಸುವುದಿಲ್ಲ. "ಹದಿನೈದು ಸಾವಿರಕ್ಕೆ ಇಷ್ಟು ಓಡಾಟವಾ?" ಅಂತ ಕೇಳುವವರಿಗೆ ನಾನು ಈ ಲೆಕ್ಕವನ್ನೇ ಹೇಳುತ್ತೇನೆ. ಓಡಾಟ ಒಂದೇ ಸಲ. ಸಾಲದ ದಾರಿ ಐವತ್ತು ಸಾವಿರದವರೆಗೆ ಇದೆ.

ಕಂತಿಗೆ ನಮ್ಮ ಉಪಾಯ ಪಿಗ್ಮಿ. ದಿನಕ್ಕೆ 50 ರೂಪಾಯಿ ತೆಗೆದಿಟ್ಟರೆ ತಿಂಗಳಿಗೆ 1,500. ಮೊದಲ ಕಂತು ಅದರಲ್ಲಿ ಮುಗಿದು ಸ್ವಲ್ಪ ಉಳಿಯುತ್ತದೆ. ದಿನದ ದುಡಿಮೆಯವರಿಗೆ ತಿಂಗಳ ಕೊನೆಗೆ ಒಟ್ಟಿಗೆ ಸಾವಿರದ ಮುನ್ನೂರು ಹೊಂದಿಸುವುದು ಕಷ್ಟ, ದಿನಕ್ಕೆ ಐವತ್ತು ಕಷ್ಟವಲ್ಲ. ಇದು ನಮ್ಮ ನಾಡಿನಲ್ಲೇ ಹುಟ್ಟಿದ ಬುದ್ಧಿ. ಉಡುಪಿಯಲ್ಲಿ ಟಿ.ಎಂ.ಎ. ಪೈ ಅವರು ಕಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಶುರು ಮಾಡಿದ್ದು, ದಿನಕ್ಕೆ ಎರಡಾಣೆ ಉಳಿಸಬಲ್ಲ ಜನರಿಗಾಗಿ. ಪಿಗ್ಮಿಯವರು ಬರದ ಜಾಗದಲ್ಲಿ ಕ್ಯೂಆರ್ ಕೋಡಿನಿಂದ ಬಂದ ದುಡ್ಡನ್ನು ಮುಟ್ಟದೆ ಖಾತೆಯಲ್ಲೇ ಬಿಡಿ. ಕಂತು ಅದರಿಂದಲೇ ಹೋಗಲಿ. ಫೋನ್‌ನಲ್ಲಿ ದುಡ್ಡು ತೆಗೆದುಕೊಂಡರೆ ಮತ್ತು ಮಂಡಿಗೆ ಫೋನ್‌ನಲ್ಲೇ ಕೊಟ್ಟರೆ 1,600 ರೂಪಾಯಿವರೆಗೆ ಕ್ಯಾಶ್‌ಬ್ಯಾಕ್ ಇದೆ.

ಇನ್ನೂ ವಾರದ ಸಾಲದಲ್ಲಿ ಸಿಕ್ಕಿರುವವರಿಗೆ ಒಂದು ಮಾತು. ಮನೆ ಮುಂದೆ ಬಂದು ಹೆದರಿಸುವುದು, ಬೈಯುವುದು, ಸಾಮಾನು ಎತ್ತಿಕೊಂಡು ಹೋಗುವುದು ಕರ್ನಾಟಕದಲ್ಲಿ ಈಗ ದೊಡ್ಡ ಅಪರಾಧ. 2025ರಲ್ಲಿ ಇದಕ್ಕೆಂದೇ ಕಾಯ್ದೆ ಬಂದಿದೆ. ಹತ್ತು ವರ್ಷದವರೆಗೆ ಜೈಲು ಶಿಕ್ಷೆ ಇದೆ. ಪೊಲೀಸ್ ಠಾಣೆಗೆ ಹೋಗಲು ಹಿಂಜರಿಯಬೇಡಿ.

ದುಡ್ಡು ಬಂದ ಮೇಲೆ

2021ರ ಆರಂಭದಲ್ಲಿ ಅವ್ವನಿಗೆ ಮೊದಲ 10,000 ಬಂತು. ಅದನ್ನು ಏನು ಮಾಡಬೇಕು ಅಂತ ಮನೆಯಲ್ಲಿ ಎರಡು ದಿನ ಮಾತಾಯಿತು. ತಮ್ಮ ಫೋನ್ ಕೊಡಿಸು ಅಂದ. ಅವ್ವ ಒಪ್ಪಲಿಲ್ಲ. ಆ ದುಡ್ಡು ಪೂರ್ತಿ ಹೂವಿಗೇ ಹೋಯಿತು. ಮೊದಲು ಮಂಡಿಯಲ್ಲಿ ಉದ್ದರಿ ತರುತ್ತಿದ್ದಳು. ಉದ್ದರಿ ಗಿರಾಕಿಗೆ ರೇಟು ಜಾಸ್ತಿ, ಹೂವೂ ನಿನ್ನೆಯದು. ಕೈಯಲ್ಲಿ ನಗದು ಇದ್ದಾಗ ಮಾರಿಗೆ ಹತ್ತು ರೂಪಾಯಿ ಕಡಿಮೆಗೆ ಸಿಕ್ಕಿತು, ಒಳ್ಳೆಯದನ್ನು ಆರಿಸಿಕೊಳ್ಳಲೂ ಆಯಿತು. ಈ ಸಾಲ ಕೆಲಸ ಮಾಡುವುದು ಇಲ್ಲಿ. ಮಾಲಿಗೆ ಹಾಕಿದ ದುಡ್ಡು ಸಂಜೆಗೆ ವಾಪಸ್ ಬರುತ್ತದೆ, ಕಂತು ಅದೇ ಕಟ್ಟಿಕೊಳ್ಳುತ್ತದೆ. ಮದುವೆಗೋ ಆಸ್ಪತ್ರೆಗೋ ಹಾಕಿದರೆ ಕಂತಿಗೆ ಮತ್ತೆ ವಾರದ ಸಾಲವೇ ಗತಿ.

ಎರಡನೇ ಸಾಲದಲ್ಲಿ ಒಂದು ಹಳೆಯ ಫ್ರಿಜ್ಜು ಕೊಂಡೆವು. ಸಂಜೆ ಉಳಿದ ಮಲ್ಲಿಗೆಯನ್ನು ಚರಂಡಿಗೆ ಸುರಿಯುವುದು ನಿಂತಿತು. ಮೂರನೆಯ 50,000ದಲ್ಲಿ ಅವ್ವ ಮದುವೆ ಹಾರದ ಆರ್ಡರು ಹಿಡಿಯಲು ಶುರು ಮಾಡಿದಳು. ಅದಕ್ಕೆ ಮುಂಗಡವಾಗಿ ಮಾಲು ಹಾಕಬೇಕು, ಕಟ್ಟುವ ಇಬ್ಬರು ಹೆಂಗಸರಿಗೆ ದಿನಗೂಲಿ ಕೊಡಬೇಕು. ಆ ಕಂತು 2027ರ ತನಕ ಇದೆ.

ಎರಡನೇ ಸಾಲ ಸರಿಯಾಗಿ ತೀರಿಸಿದವರಿಗೆ ಈಗ ಯುಪಿಐಗೆ ಜೋಡಿಸಿದ ರುಪೇ ಕ್ರೆಡಿಟ್ ಕಾರ್ಡು ಕೊಡುತ್ತಾರೆ. ಹಬ್ಬದ ನಾಲ್ಕು ದಿನದ ಮಾಲಿಗೆ ಅದು ಉಪಯೋಗ. ಬಿಲ್ಲಿನ ತಾರೀಖು ತಪ್ಪಿದರೆ ಕಾರ್ಡಿನ ಬಡ್ಡಿ ವಾರದ ಸಾಲದವರನ್ನೇ ನೆನಪಿಸುತ್ತದೆ. ತಾರೀಖು ನೆನಪಿಡುವವರು ಮನೆಯಲ್ಲಿ ಇದ್ದರೆ ಮಾತ್ರ ತೆಗೆದುಕೊಳ್ಳಿ.

ಗಾಡಿಯಿಂದ ಅಂಗಡಿಗೆ ಹೋಗುವ ಯೋಚನೆ ಇದ್ದರೆ ಮುಂದಿನ ಮೆಟ್ಟಿಲು ಮುದ್ರಾ, ಸಣ್ಣ ಉದ್ದಿಮೆಗಳಿಗೆ ಇರುವ ಕೇಂದ್ರದ ಸಾಲ ಯೋಜನೆ. 50,000ದವರೆಗೆ ಶಿಶು, 5 ಲಕ್ಷದವರೆಗೆ ಕಿಶೋರ್, 10 ಲಕ್ಷದವರೆಗೆ ತರುಣ್. ಅಲ್ಲೂ ಅಡಮಾನ ಇಲ್ಲ. ಆದರೆ ಅಂಗಡಿ ಅಂದಮೇಲೆ ಉದ್ದಿಮೆ ಪರವಾನಗಿ ಬೇಕು, ಅದನ್ನು ಕೊಡುವುದೂ ನಗರಸಭೆಯೇ. ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ದಾಖಲಿಸುವ ಉದ್ಯಮ್ ನೋಂದಣಿ ಆನ್‌ಲೈನ್‌ನಲ್ಲಿ ಉಚಿತವಾಗಿ ಆಗುತ್ತದೆ. ಮೂರು ಸ್ವನಿಧಿ ಸಾಲ ತಪ್ಪದೆ ಕಟ್ಟಿದ ಲೆಕ್ಕ ನಿಮ್ಮ ಸಿಬಿಲ್‌ನಲ್ಲಿ ಇರುತ್ತದೆ. ಮ್ಯಾನೇಜರ್ ಮೊದಲು ನೋಡುವುದು ಅದನ್ನೇ.

ನಗರಸಭೆಗೆ ಹೋದಾಗ ಇನ್ನೊಂದು ವಿಷಯವನ್ನೂ ಕೇಳಿ ಬನ್ನಿ. ನಮ್ಮ ರಾಜ್ಯದ ಸ್ಥಳೀಯ ಸಂಸ್ಥೆಗಳು ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 24.10, ಇತರ ಬಡವರಿಗೆ ಶೇ. 7.25, ಅಂಗವಿಕಲರಿಗೆ ಶೇ. 5ರ ನಿಧಿ ಎತ್ತಿಡುತ್ತವೆ. ಈ ವರ್ಷದ ಕ್ರಿಯಾ ಯೋಜನೆಯಲ್ಲಿ ಸ್ವಂತ ಉದ್ಯೋಗಕ್ಕೆ ಏನಾದರೂ ಇಟ್ಟಿದ್ದಾರಾ, ಅರ್ಜಿ ಯಾವಾಗ ಕರೆಯುತ್ತಾರೆ ಅಂತ ಕೇಳಿ. ನೋಟಿಸ್ ಬೋರ್ಡಿನಲ್ಲಿ ಹಾಕಿ ಕೆಲವೇ ದಿನ ಸಮಯ ಕೊಡುತ್ತಾರೆ, ಮೊದಲೇ ತಿಳಿದಿದ್ದರೆ ಒಳ್ಳೆಯದು.

ಹಬ್ಬಕ್ಕೆ ದುಡ್ಡು ಬೇಕಿದ್ದರೆ ಹಬ್ಬದ ತಿಂಗಳಲ್ಲಿ ಅರ್ಜಿ ಹಾಕಬೇಡಿ. ಪತ್ರಕ್ಕೆ 15 ದಿನ, ತಿದ್ದುಪಡಿ, ಬ್ಯಾಂಕಿನ ಓಡಾಟ ಎಲ್ಲ ಸೇರಿ ಎರಡು ತಿಂಗಳು ಇಟ್ಟುಕೊಳ್ಳಿ. ವರಮಹಾಲಕ್ಷ್ಮಿಗೆ ಬೇಕಾದರೆ ಜೂನ್ ಮೊದಲ ವಾರವೇ ನಗರಸಭೆಯಲ್ಲಿ ಸೀಲು ಹಾಕಿಸಿ. ಆಯುಧಪೂಜೆಗೆ ಬೇಕಾದರೆ ಆಗಸ್ಟ್ ಶುರುವಿಗೆ. ಬೆಳಗಿನ ವ್ಯಾಪಾರ ಮುಗಿಸಿ ಹನ್ನೊಂದರ ಹೊತ್ತಿಗೆ ಹೋಗಿ. ಬುಟ್ಟಿ ನೋಡಿಕೊಳ್ಳಲು ಪಕ್ಕದವರಿಗೆ ಹೇಳಿ ಹೋಗಿ, ಅವರ ಅರ್ಜಿಯ ದಿನ ನೀವು ಅವರ ಗಾಡಿ ನೋಡಿಕೊಳ್ಳಿ.